ಎಣ್ಣೆ ಮಿಲ್ಲಿನವರ ಮೂಗು

ಮುಖಕ್ಕೆ ಅರುವತ್ತೈದು ವರ್ಷ, ಕೈಗೆ ಹದಿನೈದು. ಹಾಗಿದ್ದರು ನಮ್ಮ ಎಣ್ಣೆ ಮಿಲ್ಲಿನವರು. ಕೆನ್ನೆ ಒಳಕ್ಕೆ ಹೋಗಿತ್ತು, ಕುತ್ತಿಗೆಯ ಚರ್ಮ ಜೋತುಬಿದ್ದಿತ್ತು, ಹುಬ್ಬು ಕೂಡ ಬೆಳ್ಳಗಾಗಿತ್ತು. ಆದರೆ ಮೊಣಕೈಯಿಂದ ಕೆಳಗೆ ಒಂದು ಸುಕ್ಕಿಲ್ಲ, ಒಂದು ರೋಮವಿಲ್ಲ. ನಲುವತ್ತು ವರ್ಷ ತೆಂಗಿನೆಣ್ಣೆಯಲ್ಲಿ ಅದ್ದಿ ಅದ್ದಿ ಆ ಎರಡು ಕೈಗಳು ಎಳೆಯರ ಕೈಗಳಂತೆ ಮಿನುಗುತ್ತಿದ್ದವು. ಎಣ್ಣೆಯ ಕ್ಯಾನು ಎತ್ತಿಕೊಡುವಾಗ ಆ ಕೈ ನನ್ನ ಕೈಗೆ ತಾಗಿದರೆ ಮೈ ಜುಂ ಎನ್ನುತ್ತಿತ್ತು. ಮುದುಕರ ಮೈಗೆ ಬೇರೆ ಯಾರದೋ ಕೈ ಜೋಡಿಸಿದ ಹಾಗೆ ಕಾಣುತ್ತಿತ್ತು ನನಗೆ. ಹೆಗಲ ಮೇಲೆ ಕೆಂಪು ಗೆರೆಯ ಬೈರಾಸು, ಮೈ ಒರೆಸುವ ವಸ್ತ್ರ, ಒಂದು ಸದಾ ಇರುತ್ತಿತ್ತು. ಆ ಬೈರಾಸಿಗೆ ನಮ್ಮ ವರ್ಕಾಡಿಯ ಪ್ರಾಯದವರು, ಅಂದರೆ ವಯಸ್ಸಾದವರು, ಹೆದರಿದಷ್ಟು ಪೊಲೀಸರ ಲಾಠಿಗೂ ಹೆದರಿದವರಲ್ಲ.

ಯಾಕೆಂದು ಹೇಳಬೇಕಾದರೆ ಮೊದಲು ಮಿಲ್ಲಿನ ಒಳಗೆ ಬರಬೇಕು. ರಸ್ತೆಯ ತಿರುವಿನ ಕೆಳಗೆ, ತಗಡಿನ ಮಾಡಿನ ಒಂದು ಉದ್ದ ಕೋಣೆ. ಕಿಟಿಕಿ ಒಂದೇ. ಹಾಡುಹಗಲಿನಲ್ಲೂ ಅಲ್ಲಿ ಹಳದಿ ಬಲ್ಬು ಉರಿಯುತ್ತಿತ್ತು. ಯಂತ್ರದ ಬೆಲ್ಟಿನಲ್ಲಿ ಎಲ್ಲೋ ಒಂದು ಹೊಲಿಗೆಯಿತ್ತು, ಆ ಹೊಲಿಗೆ ಚಕ್ರಕ್ಕೆ ಬಂದಾಗಲೆಲ್ಲ ಡಬ್ ಎಂದು ಸದ್ದಾಗುತ್ತಿತ್ತು. ಬಾಗಿಲಲ್ಲಿ ನಿಂತರೆ ಆ ಸದ್ದು ಕಿವಿಗಿಂತ ಮೊದಲು ಎದೆಗೆ ಕೇಳಿಸುತ್ತಿತ್ತು. ಹತ್ತು ತೆಂಗಿನ ಮರ ಇದ್ದ ಮನೆಯವರೆಲ್ಲ ಬೇಸಗೆಯಲ್ಲಿ ಅಂಗಳದಲ್ಲಿ ಕೊಬ್ಬರಿ ಒಣಗಿಸಿ, ಗೋಣಿಯಲ್ಲಿ ಕಟ್ಟಿ, ಅಲ್ಲಿಗೇ ತರುವುದು. ವರ್ಷಕ್ಕೆ ಬೇಕಾದ ಎಣ್ಣೆ ಅಲ್ಲಿಂದಲೇ.

ಗೋಣಿಯನ್ನು ಅವರು ಸೀದಾ ಯಂತ್ರಕ್ಕೆ ಸುರಿದದ್ದನ್ನು ನಾನು ಒಂದು ದಿನವೂ ನೋಡಿದವಳಲ್ಲ. ನೆಲದಲ್ಲಿ ಹರಡಬೇಕು, ಒಂದು ಹೋಳು ಎತ್ತಬೇಕು, ಮುರಿಯಬೇಕು, ಕಣ್ಣು ಮುಚ್ಚಿ ಮೂಸಬೇಕು. ಆಮೇಲೆ ತೀರ್ಪು. "ಇದು ಬಿಸಿಲಲ್ಲಿ ಒಣಗಿದ್ದಲ್ಲ, ಒಲೆ ಮೇಲೆ ಒಣಗಿಸಿದ್ದು." "ಇದಕ್ಕೆ ಎರಡು ದಿವಸ ಬಿಸಿಲು ಸಾಲದು, ತಗೊಂಡು ಹೋಗಿ." "ಇದು ನಿಮ್ಮ ಹಿತ್ತಿಲ ಕಾಯಿ ಅಲ್ಲವಲ್ಲ, ಯಾರದ್ದು?" ಈ ಮೂರನೆಯ ಪ್ರಶ್ನೆಗೆ ಎಷ್ಟೋ ಜನ ತಬ್ಬಿಬ್ಬಾದದ್ದುಂಟು. ಹಾಳಾದ ಹೋಳನ್ನು ಮೂಸಿದ ಕೂಡಲೇ ಅವರು ಒಂದೇ ಶಬ್ದ ಹೇಳಿ ಮೂಲೆಗೆ ಎಸೆಯುತ್ತಿದ್ದರು: "ಕಮಟು." ಎಣ್ಣೆ ಕಣ್ಣಿಗೆ ಸುಳ್ಳು ಹೇಳ್ತದೆ, ಮೂಗಿಗೆ ಹೇಳುವುದಿಲ್ಲ ಎಂಬುದು ಅವರ ಮಾತು. ಮನೆಯಲ್ಲಿ ಅವರದು ತುಳು. ನಾನು ಟೀಚರು ಎಂಬ ಮರ್ಯಾದೆಗೆ ನನ್ನೊಡನೆ ಮಾತ್ರ ಕನ್ನಡ.

ಕಮಟು ಎಂದರೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕನ್ನಡ ಮೀಡಿಯಂ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಕಲಿಸಿದವಳು ನಾನು. ಎಣ್ಣೆ, ಕೊಬ್ಬು ಗಾಳಿಯ ಆಮ್ಲಜನಕದೊಂದಿಗೆ ಸೇರಿ ಕೆಡುವುದು ಕಮಟುವಿಕೆ. ಕಬ್ಬಿಣಕ್ಕೆ ತುಕ್ಕು ಹೇಗೋ ಎಣ್ಣೆಗೆ ಕಮಟು ಹಾಗೆ. ಎರಡು ಅಂಕದ ಪ್ರಶ್ನೆ, ಖಂಡಿತ ಬರುತ್ತದೆ, ಬರೆದುಕೊಳ್ಳಿ. ಅರ್ಥವಾಗದ ಮಕ್ಕಳಿಗೆ, ದೀಪಾವಳಿಯ ಚಕ್ಕುಲಿ ಡಬ್ಬಿಯನ್ನು ಶಿವರಾತ್ರಿಗೆ ತೆರೆದು ಮೂಸಿ ನೋಡಿ ಎನ್ನುತ್ತಿದ್ದೆ.

ಕೊಬ್ಬರಿಯ ಕಮಟು ಹಿಡಿಯುವ ಮೂಗು ದೊಡ್ಡ ಸಂಗತಿಯಲ್ಲ. ಅವರ ಮೂಗು ಮನುಷ್ಯರದ್ದನ್ನೂ ಹಿಡಿಯುತ್ತದೆ ಎಂಬುದು ಊರಿಗೆ ಗೊತ್ತಾದದ್ದು ಅಂಚೆಯವರ ಸಾವಿನಿಂದ. ಆಗಷ್ಟೇ ರಿಟೈರಾಗಿದ್ದ ಅಂಚೆಯವರು ಒಂದು ಬೆಳಿಗ್ಗೆ ಗೋಣಿ ಹೊತ್ತುಕೊಂಡು ಮಿಲ್ಲಿಗೆ ಬಂದರು. ಗಟ್ಟಿ ಆಳು. ದಿನಕ್ಕೆ ಏಳೆಂಟು ಮೈಲು ನಡೆದು ಕಾಗದ ಹಂಚಿದ ಕಾಲು. ಮಿಲ್ಲಿನವರು ಕೊಬ್ಬರಿ ಮೂಸಿದರು, ಸರಿ ಉಂಟು ಎಂದರು. ಮತ್ತೆ ಸುಮ್ಮನೆ ಅಂಚೆಯವರ ಹತ್ತಿರ ಬಂದು ನಿಂತು, "ಅಲ್ಲ ಮಾರಾಯ್ರೆ, ಕೊಬ್ಬರಿಗೆ ಇಲ್ಲ, ನಿಮಗೇ ಕಮಟು ಬರ್ತಾ ಉಂಟು. ಒಮ್ಮೆ ಡಾಕ್ಟ್ರಿಗೆ ತೋರಿಸಿ" ಎಂದರು. ಅಂಚೆಯವರು ಬಿದ್ದು ಬಿದ್ದು ನಕ್ಕರು. ಬಸ್ಸಿನಲ್ಲಿ ಹೋಗುವಾಗಲೂ ಅದನ್ನೇ ಹೇಳಿಕೊಂಡು ನಗುತ್ತಿದ್ದರಂತೆ. ಎರಡು ವಾರ ಆಗಿರಲಿಲ್ಲ, ಹೊಸಂಗಡಿಯಲ್ಲಿ ಬಸ್ಸಿಗೆ ಕೈ ಅಡ್ಡ ಹಿಡಿದವರು ಹಾಗೆಯೇ ಕುಸಿದರು. ಹಾರ್ಟು.

ಅಂಚೆಯವರ ಮಕ್ಕಳು ಮಿಲ್ಲಿಗೆ ಬಂದು ಗಲಾಟೆ ಮಾಡಿದರು. "ನಿನ್ನ ನಾಲಗೆಯಲ್ಲಿ ಮಚ್ಚೆ ಉಂಟು, ನೀನು ಹೇಳಿದ್ದಕ್ಕೇ ಅಪ್ಪ ಸತ್ತದ್ದು" ಎಂದು ಹಿರಿಯವ ಕೂಗಿದ. ಮಿಲ್ಲಿನವರು ನಾಲಗೆ ಹೊರಹಾಕಿ ತೋರಿಸಿದರಂತೆ. ಮಚ್ಚೆ ಇರಲಿಲ್ಲ. ಅದನ್ನು ನೋಡಿ ಅವರಿಗೆ ಇನ್ನಷ್ಟು ಹೆದರಿಕೆಯಾಯಿತಂತೆ.

ಆಮೇಲೆ ಮಿಲ್ಲಿನವರು ಯಾರಿಗೂ ಏನನ್ನೂ ಹೇಳಲಿಲ್ಲ. ಆದರೆ ವಾಸನೆಯನ್ನು ಸಹಿಸುವುದಕ್ಕಾಗುತ್ತಿರಲಿಲ್ಲವೋ ಏನೋ, ಕೆಲವರು ಹತ್ತಿರ ಬಂದಾಗ ಅವರ ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಗುತ್ತಿತ್ತು, ಬೈರಾಸಿನ ತುದಿ ಮೂಗಿಗೆ ಏರುತ್ತಿತ್ತು. ಅದು ಮಾತಿಗಿಂತ ಕಷ್ಟದ್ದಾಯಿತು. ಟೈಲರಿನ ತಾಯಿಗೆ ಹಾಗಾಯಿತು, ಮಳೆ ಹಿಡಿಯುವ ಮೊದಲು ಅವರು ಹೋದರು. ನಮ್ಮ ಶಾಲೆಯ ಹಳೆಯ ಹೆಡ್ಮಾಸ್ತರಿಗೂ ಹಾಗಾಯಿತು. ಜನ ನಾಲ್ಕು ಮಾರು ದೂರದಲ್ಲೇ ನಿಂತು, ಅವರ ಹೆಗಲನ್ನು ನೋಡಿಕೊಂಡು ಮಾತಾಡತೊಡಗಿದರು. ಅರುವತ್ತು ದಾಟಿದವರು ಗೋಣಿಯನ್ನು ಮನೆಯ ಎಳೆಯರ ಕೈಯಲ್ಲಿ ಕಳುಹಿಸಿ, ತಾವು ಮಿಲ್ಲಿನ ಎದುರಿಗೆ ಬಂದಾಗ ರಸ್ತೆಯ ಆಚೆ ಬದಿಯಿಂದ ನಡೆಯುತ್ತಿದ್ದರು. ಮಿಲ್ಲಿನವರೂ ಮದುವೆ, ಸತ್ತವರ ಬೊಜ್ಜ ಎಲ್ಲವನ್ನೂ ಬಿಟ್ಟರು. ಸೇರಿದ ಜನರ ನಡುವೆ ಕುಳಿತು ಉಣ್ಣುವುದಕ್ಕೆ ಆಗುತ್ತಿರಲಿಲ್ಲ ಅವರಿಗೆ.

ನಾನು? ನಾನು ಸ್ಟಾಫ್ ರೂಮಿನಲ್ಲಿ ಮೇಜು ಗುದ್ದಿ ವಾದ ಮಾಡುತ್ತಿದ್ದೆ. ಪ್ರಾಯದವರು ಸಾಯುತ್ತಾರೆ, ಅದರಲ್ಲಿ ಎಂತ ಪವಾಡ? ಬೈರಾಸು ಎತ್ತಿದ ಮೇಲೂ ಸಾಯದವರನ್ನು ಯಾರಾದರೂ ನೆನಪಿಟ್ಟಿದ್ದೀರಾ? ನೆಗಡಿಗೆ ಎತ್ತಿದರೆ ಅದನ್ನೂ ಲೆಕ್ಕ ಹಿಡಿಯುತ್ತೀರಿ! ನನ್ನ ಬಾಯಿಗೆ ಹೆದರಿ ಎಲ್ಲರೂ ಹೌದು ಹೌದು ಎನ್ನುತ್ತಿದ್ದರು.

ಎರಡು ಸಾವಿರದ ಎಂಟೋ ಒಂಬತ್ತೋ ಇರಬೇಕು, ಪರೀಕ್ಷೆ ಮುಗಿದ ಮೇಲಿನ ದಿನಗಳು. ನಾನೂ ನನ್ನ ತಮ್ಮನೂ ನಮ್ಮ ಕೊಬ್ಬರಿ ತೆಗೆದುಕೊಂಡು ಹೋದೆವು. ತಮ್ಮನೆಂದರೆ ಹೊಸಂಗಡಿ ಲೈನಿನಲ್ಲಿ ಜೀಪು ಓಡಿಸುವವನು. ನನಗಾಗಲಿ ಅವನಿಗಾಗಲಿ ಮದುವೆಯಿಲ್ಲ. ಅಮ್ಮ ಹೋದ ಮೇಲೆ ಮನೆಯಲ್ಲಿ ನಾವಿಬ್ಬರೇ, ಬೆಳಿಗ್ಗೆ ಎದ್ದರೆ ಜಗಳ. ಅವನಿಗೆ ಬೀಡಿ ಬೇಕು, ಹೋಟೆಲಿನ ಗೋಳಿಬಜೆ ಬೇಕು, ಹೊಟ್ಟೆ ಸ್ಟಿಯರಿಂಗಿಗೆ ತಾಗುತ್ತಿತ್ತು. ನಾವು ಇಬ್ಬರೂ ಗೋಣಿಯ ಎರಡು ತುದಿ ಹಿಡಿದು ಒಳಗೆ ಇಳಿಸಿ ನೆಟ್ಟಗೆ ನಿಂತೆವು, ಅಕ್ಕಪಕ್ಕ. ಮಿಲ್ಲಿನವರು ನಗುತ್ತಾ ಎರಡು ಹೆಜ್ಜೆ ಮುಂದೆ ಬಂದರು. ಅಲ್ಲೇ ನಿಂತರು. ನಗು ಹೋಯಿತು. ಬೈರಾಸು ಮೂಗಿಗೆ ಏರಿತು.

ತಮ್ಮ ಬಿಳಿಚಿಕೊಂಡ. ಜೀಪಿನಲ್ಲಿ ಬರುವಾಗ ಗೇರು ಬದಲಿಸುವುದಕ್ಕೂ ಮರೆತಿದ್ದ. "ಅಕ್ಕ, ನೀನು ನಂಬುವುದಿಲ್ಲ, ಗೊತ್ತುಂಟು. ಆದರೆ ನಾಳೆ ನಾನು ಲೈನಿಗೆ ಹೋಗುವುದಿಲ್ಲ" ಎಂದ. ನಾನು ಬೈದೆ. ಬೈದು, ಮನೆಗೆ ಬಂದು, ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತೆ. ನನಗೆ ಲೋಕದಲ್ಲಿ ಇದ್ದವನು ಅವನೊಬ್ಬ. ಮರುದಿನವೇ ಅವನನ್ನು ಮಂಗಳೂರಿನ ಒಂದು ಆಸ್ಪತ್ರೆಗೆ ಕರೆದುಕೊಂಡು ಹೋದೆ. ಇಸಿಜಿ ಮಾಡಿದರು, ರಕ್ತ ತೆಗೆದರು, ಟ್ರೆಡ್‌ಮಿಲ್ಲಿನ ಪಟ್ಟಿಯ ಮೇಲೆ ಓಡಿಸಿದರು. ಎಲ್ಲ ಸರಿ. ಬೀಡಿ ಬಿಡಿ, ಹೊಟ್ಟೆ ಇಳಿಸಿ, ಬೇರೆ ಎಂತದೂ ಇಲ್ಲ ಎಂದರು.

ನನಗೆ ಬಂದ ಸಿಟ್ಟು! ಎರಡು ದಿನ ನಮ್ಮ ಮನೆಯಲ್ಲಿ ಅನ್ನ ಇಳಿದಿರಲಿಲ್ಲ. ತಮ್ಮ ಲೈನಿಗೆ ಹೋದ ಕೂಡಲೇ ನಾನು ಒಬ್ಬಳೇ, ಬಿರಬಿರನೆ ನಡೆದು ಮಿಲ್ಲಿಗೆ ಹೋದೆ.

"ಎಂತ ಮಿಲ್ಲಿನವರೇ, ನೀವು ಎಂತ ಯಮನ ಗುಮಾಸ್ತನಾ?" ಎಂದೆ ಬಾಗಿಲಿನಿಂದಲೇ. "ನನ್ನ ತಮ್ಮನ ಹಾರ್ಟು ಕಲ್ಲಿನ ಹಾಗೆ ಉಂಟಂತೆ. ಡಾಕ್ಟ್ರು ಬರೆದುಕೊಟ್ಟಿದ್ದಾರೆ, ಓದಿ ಹೇಳಲಾ? ಊರಿಡೀ ಹೆದರಿಸಿ ನಿಮಗೆ ಎಂತ ಸಿಗ್ತದೆ? ಆ ಬಟ್ಟೆಯನ್ನು ಒಲೆಗೆ ಹಾಕಿ ಮೊದಲು!"

ಅವರು ಯಂತ್ರದ ಆಚೆ ಬದಿಯಲ್ಲಿ ಕುಳಿತಿದ್ದರು. ನನಗೆ ಮಾತು ಮುಗಿದು ಏದುಸಿರು ಬರತೊಡಗಿದಾಗಲೇ ನಾನು ನೋಡಿದ್ದು: ಬೈರಾಸು ಅವರ ಮೂಗಿನ ಮೇಲೆಯೇ ಇತ್ತು. ನಾನು ಒಳಗೆ ಕಾಲಿಟ್ಟ ಗಳಿಗೆಯಿಂದಲೂ ಅಲ್ಲೇ ಇತ್ತು.

"ತಮ್ಮ ಬರಲಿಲ್ಲ" ಎಂದೆ ಪೆದ್ದಿಯ ಹಾಗೆ.

"ಗೊತ್ತುಂಟು" ಎಂದರು ಬಟ್ಟೆಯ ಒಳಗಿನಿಂದ. "ಮೊನ್ನೆಯೂ ತಮ್ಮನಿಗೆ ಮುಚ್ಚಿದ್ದಲ್ಲ ಟೀಚರೆ."

ಯಂತ್ರ ತಿರುಗುತ್ತಲೇ ಇತ್ತು. ಕೊಳವೆಯಿಂದ ಎಣ್ಣೆ ಒಂದು ನೂಲಿನಂತೆ ಇಳಿಯುತ್ತಿತ್ತು. ಬೆಲ್ಟಿನ ಹೊಲಿಗೆ ಡಬ್ ಎಂದಾಗಲೆಲ್ಲ ನನ್ನ ಎದೆಯೊಳಗೆ ಯಾರೋ ಬೆರಳಿನಿಂದ ಕುಟ್ಟಿದ ಹಾಗಾಗುತ್ತಿತ್ತು. ಅವರು ಎದ್ದು ಸ್ವಿಚ್ಚು ಆರಿಸಿದರು. ಸದ್ದು ನಿಂತಿತು. ನನ್ನ ಎದೆಯೊಳಗಿನ ಕುಟ್ಟಾಟ ನಿಲ್ಲಲಿಲ್ಲ.

"ಹೋಗಿ ತೋರಿಸಿ ಟೀಚರೆ. ನಿಮಗೆ ಕೈ ಮುಗೀತೇನೆ" ಎಂದರು. ನಿಜವಾಗಿ ಮುಗಿದರು.

ಹೋದೆನಾ? ಇಲ್ಲ. ವಿಜ್ಞಾನದ ಟೀಚರು, ಎಣ್ಣೆಯವನ ಮೂಗನ್ನು ನಂಬಿ ಆಸ್ಪತ್ರೆಗೆ ಹೋಗುವುದೇ? ಮೂರು ವಾರ ಹಟ ಹಿಡಿದೆ. ಆ ಮೂರು ವಾರದಲ್ಲಿ ಮಾತ್ರ ನಾನು ಬೇಡ ಬೇಡವೆಂದರೂ ಒಂದೊಂದೇ ನೆನಪಿಗೆ ಬಂತು. ಶಾಲೆಯ ಮೆಟ್ಟಿಲು ಹತ್ತುವಾಗ ಕೆಳದವಡೆ ನೋಯುತ್ತಿತ್ತು. ಹಲ್ಲು ನೋವೆಂದು ಒಳ್ಳೆಯ ಹಲ್ಲೊಂದನ್ನು ಕೀಳಿಸಿಕೊಂಡಿದ್ದೆ, ಆದರೂ ನೋಯುತ್ತಿತ್ತು. ಬಟ್ಟೆ ಒಗೆದರೆ ಬೆನ್ನಿನ ನಡುವೆ ಹಿಡಿದುಕೊಳ್ಳುತ್ತಿತ್ತು. ಐವತ್ತು ದಾಟಿದ ಹೆಂಗಸರಿಗೆ ಬೆನ್ನು ನೋಯದೆ ಇನ್ನೆಂತ ನೋಯುತ್ತದೆ ಎಂದುಕೊಂಡಿದ್ದೆ. ಒಂದು ದಿನ ರಜೆಯ ಸ್ಪೆಷಲ್ ಕ್ಲಾಸಿನಲ್ಲಿ ಬೋರ್ಡಿನ ಮೇಲೆ ಬರೆಯುತ್ತಿರುವಾಗ ಕೈಯಿಂದ ಸೀಮೆಸುಣ್ಣ ಬಿತ್ತು, ಬಗ್ಗಿ ಎತ್ತಿಕೊಳ್ಳುವುದಕ್ಕೆ ಆಗಲಿಲ್ಲ. ಆ ಸಂಜೆಯೇ ತಮ್ಮನ ಜೀಪು ಹತ್ತಿದೆ.

ಎರಡು ಕಡೆ ಬ್ಲಾಕು. ಒಂದು ತೊಂಬತ್ತರ ಹತ್ತಿರ. ಸ್ಪ್ರಿಂಗಿನಂಥದ್ದನ್ನು ಹಾಕಿದರು. ಇನ್ನೊಂದು ತಿಂಗಳು ಕಾದಿದ್ದರೆ ನಿಮ್ಮನ್ನು ನಾನು ನೋಡುತ್ತಿರಲಿಲ್ಲ ಎಂದು ಡಾಕ್ಟರು ತಣ್ಣಗೆ ಹೇಳಿದರು. ಎಳೆ ಪ್ರಾಯದವರು, ನನ್ನ ಶಿಷ್ಯರಷ್ಟೇ ಇದ್ದರು. ನಾನು ಸೈನ್ಸ್ ಟೀಚರೆಂದು ಗೊತ್ತಾಗಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದರು.

"ಕೊಬ್ಬು ರಕ್ತದಲ್ಲಿ ತಿರುಗಿಕೊಂಡು ಇರ್ತದೆ ಮೇಡಂ. ಅದು ನಾಳದ ಗೋಡೆ ಒಳಗೆ ಸಿಕ್ಕಿಹಾಕಿಕೊಂಡು, ಅಲ್ಲಿ ಆಕ್ಸಿಡೈಸ್ ಆದಾಗ ಗಲಾಟೆ ಜೋರಾಗ್ತದೆ. ಉರಿಯೂತ, ಗಂಟು, ಬ್ಲಾಕು. ಸಣ್ಣ ಪ್ರಾಯದಲ್ಲಿ ದೇಹವೇ ಅದನ್ನು ರಿಪೇರಿ ಮಾಡಿಕೊಳ್ತದೆ. ಪ್ರಾಯ ಆದ ಹಾಗೆ ಆ ಶಕ್ತಿ ಕಮ್ಮಿ."

"ಅಂದರೆ ಕಮಟು ಹಿಡಿಯುವುದು" ಎಂದೆ.

ಅವರಿಗೆ ಆ ಶಬ್ದ ಗೊತ್ತಿರಲಿಲ್ಲ. ಚಕ್ಕುಲಿ ಡಬ್ಬಿಯ ಕತೆ ಹೇಳಿದೆ. ನಕ್ಕು, ಹೆಚ್ಚುಕಮ್ಮಿ ಹಾಗೆಯೇ ಎಂದರು.

"ಅದರ ವಾಸನೆ ಹೊರಗೆ ಬರ್ತದಾ ಡಾಕ್ಟ್ರೆ?"

ಅವರು ನನ್ನನ್ನು ಒಂದು ಗಳಿಗೆ ದಿಟ್ಟಿಸಿದರು. "ಇಲ್ಲ ಮೇಡಂ. ಹಾಗೆಲ್ಲ ಬರುವುದಿಲ್ಲ." ಗಲ್ಫಿನಿಂದ ಬಂದವರು ತರುವ ವಿಟಮಿನ್ ಗುಳಿಗೆ ತಿಂದರೆ ಆಕ್ಸಿಡೈಸ್ ಆಗುವುದು ನಿಲ್ಲುತ್ತದೆಯೇ ಎಂದು ಕೇಳಿದೆ. ಅದರ ಹಿಂದೆ ಹೋಗಬೇಡಿ, ಕೊಟ್ಟ ಮದ್ದು ಬಿಡಬೇಡಿ, ಸೊಪ್ಪು ತರಕಾರಿ ಹಣ್ಣು ತಿನ್ನಿ, ನಡೆಯಿರಿ ಎಂದರು. ಕೊನೆಗೆ, ಮನೆಯಲ್ಲಿ ಎಣ್ಣೆ ಯಾವುದು, ಎಷ್ಟು ಹಳೆಯದು ಎಂದು ಕೇಳಿದರು.

ಆ ಪ್ರಶ್ನೆ ಕೇಳಿದ್ದೇ ನನಗೆ ನಮ್ಮ ಭರಣಿ ನೆನಪಾಯಿತು. ನಮ್ಮಲ್ಲಿ ಎಣ್ಣೆ ಭರಣಿಯನ್ನು ಬರಿದು ಮಾಡುವ ಕ್ರಮ ಇಲ್ಲ. ಭರಣಿ ಬರಿದಾದರೆ ಮನೆ ಬರಿದಾಗುತ್ತದೆ ಎಂದು ಅಮ್ಮ ಹೇಳುತ್ತಿದ್ದಳು, ಅವಳ ಅತ್ತೆ ಅವಳಿಗೆ ಹೇಳಿದ್ದಳು. ತಳದಲ್ಲಿ ನಾಲ್ಕು ಬೆರಳು ಉಳಿದಿರುವಾಗಲೇ ಹೊಸ ಎಣ್ಣೆ ಹೊಯ್ಯುವುದು. ತೊಳೆಯುವುದೆಂದೇ ಇಲ್ಲ. ಕರಿದು ಉಳಿದದ್ದೂ ಅದಕ್ಕೇ. ಒಗ್ಗರಣೆಗೂ ಅದೇ, ನನ್ನ ತಲೆಗೂ ಅದೇ. ಎರಡು ತಲೆಮಾರಿನ ಕಮಟಿನ ಮೇಲೆ ಪ್ರತಿ ಬೇಸಗೆಯಲ್ಲಿ ಹೊಸ ಎಣ್ಣೆ ಹೊಯ್ದು ಉಂಡವಳು, ಶಾಲೆಗೆ ಹೋಗಿ ಕಮಟುವಿಕೆಯ ಪಾಠ ಮಾಡುತ್ತಿದ್ದೆ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ!

ಮನೆಗೆ ಬಂದು ಭರಣಿಯ ಮುಚ್ಚಳ ತೆರೆದು ಮೂಸಿದೆ. ನನಗೆ ಏನೂ ಗೊತ್ತಾಗಲಿಲ್ಲ. ತಮ್ಮನನ್ನು ಕರೆದು ಮೂಸು ಎಂದೆ. "ಎಂತ ವಾಸನೆ? ಅಮ್ಮನ ಅಡಿಗೆಯ ವಾಸನೆ" ಎಂದ. ನಾನು ಭರಣಿಯನ್ನು ಹಿತ್ತಿಲಿಗೆ ಒಯ್ದು ಬೋರಲು ಹಾಕಿದೆ. ಬೇಡ ಅಕ್ಕ, ಮನೆಗೆ ಒಳ್ಳೆಯದಲ್ಲ ಎಂದು ಅವನು ಹಿಂದಿನಿಂದ ಹೇಳುತ್ತಲೇ ಇದ್ದ. ಎಣ್ಣೆ ಹೋಯಿತು. ತಳದಲ್ಲಿ ಕಪ್ಪಗೆ, ಬೆಲ್ಲದ ಪಾಕದಂಥದ್ದು ಒಂದು ಪದರ ಅಂಟಿಕೊಂಡಿತ್ತು. ಅದು ಅಮ್ಮ ಇದ್ದಾಗಿನದ್ದು, ಇನ್ನೂ ಕೆಳಗಿನದ್ದು ಅವಳ ಅತ್ತೆಯ ಕಾಲದ್ದು ಇರಬೇಕು. ಚಮಚದಿಂದ ಕೆರೆದರೆ ಗೆರೆ ಬೀಳುತ್ತಿತ್ತು, ಬಿಟ್ಟರೆ ಮೆಲ್ಲ ಮುಚ್ಚಿಕೊಳ್ಳುತ್ತಿತ್ತು. ಚಮಚವನ್ನೂ ಅಲ್ಲೇ ಎಸೆದೆ. ಅಮ್ಮನೂ ಹೋದದ್ದು ಎದೆನೋವಿನಿಂದಲೇ.

ಹಾಗಾದರೆ ಮಿಲ್ಲಿನವರು ಹಿಡಿದದ್ದು ನನ್ನ ಕೂದಲಿನ ಎಣ್ಣೆಯ ವಾಸನೆಯನ್ನೋ? ತಮ್ಮ ತಲೆಗೆ ಎಣ್ಣೆ ಮುಟ್ಟಿಸುವವನಲ್ಲ. ಅಥವಾ ನನ್ನ ಏದುಸಿರು, ತುಟಿಯ ಬಣ್ಣ ನೋಡಿ ಅವರಿಗೆ ಹೊಳೆದಿತ್ತೋ? ಹಾಗೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡೆ. ಆದರೆ ಅಂಚೆಯವರು ಮಿಲ್ಲಿನ ಎಣ್ಣೆಯನ್ನು ಮಾರಿ ಮನೆಗೆ ಪ್ಯಾಕೆಟಿನದ್ದು ತರುತ್ತಿದ್ದವರು, ಅವರ ತಲೆ ಬೋಳು.

ಗುಣವಾದ ಮೇಲೆ ಕಾಲಿಗೆ ಬೀಳಲೆಂದೇ ಮಿಲ್ಲಿಗೆ ಹೋದೆ. ಅವರು ಬಿಡಲಿಲ್ಲ. ದೂರದಿಂದ ಎರಡು ಸಲ ಉಸಿರು ಎಳೆದು, "ಈಗ ಅಷ್ಟಿಲ್ಲ ಟೀಚರೆ" ಎಂದರು. ಪೂರ್ತಿ ಇಲ್ಲ ಎನ್ನಲಿಲ್ಲ. ನಾನು ಅವರೆದುರು ಮೊದಲ ಬಾರಿಗೆ ಜೋರಾಗಿ ನಕ್ಕೆ, ಒಳಗೊಳಗೆ ಬೆವರಿದ್ದೆ.

ಅಲ್ಲಿಂದ ಶನಿವಾರಗಳಲ್ಲಿ ಅವರ ಮಿಲ್ಲಿನ ಬೆಂಚಿನಲ್ಲಿ ಕುಳಿತು ಹರಟೆ ಹೊಡೆಯುವುದು ನನಗೆ ಅಭ್ಯಾಸವಾಯಿತು. ಬೇರೆ ಯಾರೂ ಅಲ್ಲಿ ಕೂರುತ್ತಿರಲಿಲ್ಲ. ನಾನು ಅವರಿಗೆ ಆಮ್ಲಜನಕದ ಪಾಠ ಮಾಡಿದೆ. ಯಾವ ಗಾಳಿಯಿಂದ ಬದುಕುತ್ತೇವೋ ಅದೇ ಗಾಳಿ ಒಳಗೊಳಗೆ ನಮ್ಮನ್ನು ಕೆಡಿಸುತ್ತಲೂ ಇರುತ್ತದೆ, ಪ್ರಾಯವಾಗುವುದೆಂದರೆ ಅದೂ ಒಂದು ಲೆಕ್ಕದಲ್ಲಿ ಎಂದೆ. ಅವರು, "ಅಂದರೆ ಉಸಿರಾಡಿದ್ದಕ್ಕೇ ಕಮಟಾ? ಒಳ್ಳೆ ವ್ಯವಸ್ಥೆ ಮಾರಾಯ್ತಿ ದೇವರದ್ದು!" ಎಂದು ಮೂಗು ಹಿಡಿದುಕೊಂಡು ಉಸಿರು ಬಿಗಿಹಿಡಿದು ನನ್ನನ್ನು ನಗಿಸಿದರು.

ಅಂಥದೇ ಒಂದು ಶನಿವಾರ ನಾನು ಕೇಳಿಯೇಬಿಟ್ಟೆ. "ಯಾರಿಗೂ ಹೇಳದವರು ನನಗೆ ಮಾತ್ರ ಯಾಕೆ ಹೇಳಿದಿರಿ?"

ಅವರು ಹಿಂಡಿಯ ಚೂರನ್ನು ಬೆರಳಿನಲ್ಲಿ ಪುಡಿ ಮಾಡುತ್ತಾ ಹೇಳಿದರು. "ನನ್ನ ಹೆಂಡತಿಗೆ ಬಂದಿತ್ತು ಟೀಚರೆ. ಅಂಚೆಯವರು ಸತ್ತ ಮರುವರ್ಷ. ನಾಲಗೆಯಲ್ಲಿ ಮಚ್ಚೆ ಉಂಟು ಅಂತ ಹೇಳಿಸಿಕೊಂಡವ ನಾನು. ಹೇಳಿದರೆ ಆಗಿಬಿಡ್ತದೆ ಅಂತ ನನಗೂ ಹೆದರಿಕೆ. ಒಂದೂವರೆ ವರ್ಷ ಅವಳ ಪಕ್ಕದಲ್ಲಿ ಆ ವಾಸನೆಯಲ್ಲಿ ಮಲಗಿದೆ. ಹೇಳಲಿಲ್ಲ. ಅವಳು ಹೋದಳು. ಹೇಳಿದ್ದರೆ ನನ್ನನ್ನು ಬೈದುಕೊಂಡಾದರೂ ಡಾಕ್ಟ್ರ ಹತ್ತಿರ ಹೋಗ್ತಿದ್ದಳೋ ಏನೋ." ಪುಡಿಯನ್ನು ಕೈಯಿಂದ ಕೊಡವಿ, "ನೀವು ಆವತ್ತು ಬಂದು ಬೈದಿರಲ್ಲ, ಅವಳ ಹಾಗೆಯೇ ಬೈದಿರಿ" ಎಂದರು. ನನ್ನ ಹಾಳು ಬಾಯಿ ಒಮ್ಮೆಯಾದರೂ ನನ್ನನ್ನು ಕಾಪಾಡಿತಲ್ಲ ಎಂದುಕೊಂಡೆ.

ಹೀಗೆ ಎಂಟು ವರ್ಷ. ನಾನು ರಿಟೈರಾದೆ. ಮಿಲ್ಲಿಗೆ ಬರುವವರು ಕಡಿಮೆಯಾದರು. ಅವರ ಮೂಗು ಮಂಕಾಗುತ್ತಾ ಬಂತು. ಬೈರಾಸು ಹೆಗಲಿನಿಂದ ಏಳುವುದೇ ಅಪರೂಪವಾಯಿತು. ಅವರಿಗೆ ಅದರಿಂದ ಆದ ಸಂತೋಷ ನೋಡಬೇಕಿತ್ತು! ಕಣ್ಣಿನ ಪೊರೆ ತೆಗೆಸಿಕೊಂಡವರು ಕೂಡ ಅಷ್ಟು ಖುಷಿ ಪಡಲಿಕ್ಕಿಲ್ಲ. ಆದರೆ ಆ ಕೊನೆಯ ಮಳೆಗಾಲದಲ್ಲಿ ಅವರ ಪಾದ ಊದಿಕೊಂಡಿತು. ಒಂದು ವಾಕ್ಯದ ನಡುವೆ ಎರಡು ಸಲ ನಿಲ್ಲುತ್ತಿದ್ದರು. ಕುಳಿತೇ ನಿದ್ದೆ ಮಾಡುತ್ತೇನೆ, ಮಲಗಿದರೆ ಯಾರೋ ಎದೆ ಮೇಲೆ ಕುಳಿತ ಹಾಗೆ ಆಗ್ತದೆ ಎಂದರು. ನಾನು ಆಸ್ಪತ್ರೆಗೆ ಎಂದರೆ, ನೋಡುವಾ ನೋಡುವಾ ಎಂದು ತಳ್ಳುತ್ತಿದ್ದರು.

ಒಂದು ಶುಕ್ರವಾರ ನಾನು ತಮ್ಮನ ಜೀಪನ್ನೇ ಮಿಲ್ಲಿನ ಎದುರು ತಂದು ನಿಲ್ಲಿಸಿದೆ. ಇಂಜಿನು ಆಫ್ ಮಾಡಬೇಡ, ಈಗ ಕರೆದುಕೊಂಡು ಬರುತ್ತೇನೆ ಎಂದು ಅವನಿಗೆ ಹೇಳಿ ಒಳಗೆ ಹೋದೆ.

"ಏಳಿ. ಮಂಗಳೂರಿಗೆ ಹೋಗುವಾ."

ಅವರು ಏಳಲಿಲ್ಲ. "ಟೀಚರೆ, ನನ್ನದು ನನಗೆ ಗೊತ್ತಾಗುವುದಿಲ್ಲ" ಎಂದರು. "ಎಣ್ಣೆಗೆ ತನ್ನ ವಾಸನೆ ಗೊತ್ತಾಗ್ತದಾ? ನೀವು ಒಮ್ಮೆ ಮೂಸಿ ನೋಡಿ. ಉಂಟು ಅಂದರೆ ಈಗಲೇ ಬರ್ತೇನೆ. ನಿಮ್ಮ ಮೇಲಾಣೆ."

"ನನಗೆಲ್ಲಿಯ ಮೂಗು ಮಾರಾಯ್ರೆ? ನಮ್ಮ ಭರಣಿಯದ್ದೇ ಗೊತ್ತಾಗಲಿಲ್ಲ ನನಗೆ!"

"ಪರವಾಗಿಲ್ಲ. ನೋಡಿ" ಎಂದು ಅಂಗಿಯ ಮೇಲಿನ ಎರಡು ಗುಂಡಿ ಬಿಚ್ಚಿದರು. "ಇಲ್ಲ ಅಂತಾದರೆ ಆದಿತ್ಯವಾರ ಮೀಂಜದಲ್ಲಿ ಮಗಳ ಮಗಳ ನಿಶ್ಚಯಕ್ಕೆ ಹೋಗ್ತೇನೆ. ಹತ್ತು ಹನ್ನೆರಡು ವರ್ಷ ಆಯ್ತು, ನಾನು ಜನರ ನಡುವೆ ಕೂತು ಊಟ ಮಾಡದೆ. ಈಗ ಮೂಗಿನ ಉಪದ್ರ ಇಲ್ಲ. ಪಂಕ್ತಿಯಲ್ಲಿ ಕೂತು ಊಟ ಮಾಡಬೇಕು ಟೀಚರೆ, ಒಂದು ಸಲ."

ಅವರ ಸಮಾಧಾನಕ್ಕೆಂದು ಬಗ್ಗಿದೆ, ನಂಬಿ ಬಗ್ಗಿದ್ದಲ್ಲ. ಮೊದಲು ಬಂದದ್ದು ಹೊಸ ಎಣ್ಣೆಯ ವಾಸನೆ, ಒಗೆದ ಅಂಗಿಯ ವಾಸನೆ. ಅದರ ಅಡಿಯಿಂದ ಇನ್ನೊಂದು ಬಂತು. ಚುರುಕಾಗಿ, ಹಳೆಯದಾಗಿ, ಮೂಗಿನಿಂದ ಗಂಟಲಿಗೆ ಇಳಿದು ಅಲ್ಲೇ ಅಂಟಿಕೊಂಡಿತು. ಯಂತ್ರ ಓಡುತ್ತಿರಲಿಲ್ಲ, ಕೊಬ್ಬರಿ ಇರಲಿಲ್ಲ, ಹಿಂಡಿ ಇರಲಿಲ್ಲ. ಅದು ಅವರಿಂದಲೇ ಬಂದದ್ದು. ದೇವರಾಣೆ, ಅವರಿಂದಲೇ.

ನಾನು ತಲೆ ಎತ್ತಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು. ಪರೀಕ್ಷೆಯ ಕಾಗದ ಹಿಂದಕ್ಕೆ ಕೊಡುವಾಗ ನನ್ನ ಮಕ್ಕಳು ನೋಡುತ್ತಿದ್ದದ್ದು ಹಾಗೆಯೇ. ಒಂದು ಸಲ ಪಂಕ್ತಿಯಲ್ಲಿ ಕೂತು ಉಣ್ಣಲಿ ಎನ್ನಿಸಿತು. ಎರಡು ದಿನದಲ್ಲಿ ಎಂತ ಆಗುತ್ತದೆ? ಸೋಮವಾರ ಬೀಪಿ ನೋಡಿಸುವಾ ಎಂದು ಬೇರೆ ಏನಾದರೂ ನೆಪ ಹೇಳಿ ಎಳೆದುಕೊಂಡು ಹೋದರಾಯಿತು ಎಂದು ಒಳಗೇ ಲೆಕ್ಕ ಹಾಕಿದೆ.

"ಎಂತದೂ ಇಲ್ಲ" ಎಂದೆ. "ಒಳ್ಳೆ ತೆಂಗಿನೆಣ್ಣೆ ವಾಸನೆ."

ಅವರು ಒಂದು ಉಸಿರು ಬಿಟ್ಟು, ಮೆಲ್ಲಗೆ ಗುಂಡಿ ಹಾಕಿಕೊಂಡರು. ನನ್ನನ್ನು ನಂಬಿದರು. ನಾನು ಹೊರಗೆ ಬಂದು, ಇಂಜಿನು ಆಫ್ ಮಾಡು, ಇವತ್ತು ಬೇಡವಂತೆ ಎಂದು ತಮ್ಮನಿಗೆ ಹೇಳಿದೆ.

ಆದಿತ್ಯವಾರ ಬೆಳಿಗ್ಗೆ ಅವರನ್ನು ಮೀಂಜಕ್ಕೆ ಬಿಟ್ಟುಬರಲು ತಮ್ಮ ಹೋದ. ಅವರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹೊಸ ಪಂಚೆ ತೊಟ್ಟು ಮಿಲ್ಲಿನ ಬೆಂಚಿನಲ್ಲಿ ತಯಾರಾಗಿ ಕುಳಿತಿದ್ದರಂತೆ. ಇವನು ಎರಡು ಸಲ ಹಾರ್ನ್ ಹೊಡೆದ. ಮತ್ತೆ ಇಳಿದು ಒಳಗೆ ಹೋದ. ನನಗೆ ಅಲ್ಲಿಂದಲೇ ಫೋನು ಮಾಡಿದ. "ಅಕ್ಕ, ಮಿಲ್ಲಿನವರು ಏಳುವುದಿಲ್ಲ" ಎಂದ. ಅವನು ಅಳುತ್ತಿದ್ದ.

ಸಾವಿಗೆ ಬಂದವರೆಲ್ಲ ಒಳ್ಳೆಯ ಮರಣ, ಪುಣ್ಯವಂತರು, ಮಲಗದೆ ನರಳದೆ ಹೋದರು ಎಂದರು. ನಾನು ಹೌದು ಎಂದೆ. ಶುಕ್ರವಾರದ ಮಾತನ್ನು ತಮ್ಮನಿಗೂ ಹೇಳಿಲ್ಲ, ಈಗ ಇಲ್ಲಿ ಬರೆಯುತ್ತಿದ್ದೇನೆ. ನನಗೆ ಹೇಳುವುದಕ್ಕೆ ಅವರು ಊರಿನ ಶಾಪವನ್ನು ಮತ್ತೊಮ್ಮೆ ತಲೆಯ ಮೇಲೆ ಎಳೆದುಕೊಳ್ಳಲು ತಯಾರಾಗಿದ್ದರು. ನನಗೆ ಎದುರಿನವರ ಮುಖ ಸಣ್ಣದಾಗುವುದನ್ನು ನೋಡುವಷ್ಟೂ ಧೈರ್ಯ ಇರಲಿಲ್ಲ.

ಆಮೇಲೆ ನಾನು ಬಸ್ಸಿನಲ್ಲಿ, ಮದುವೆಯ ಚಪ್ಪರದಲ್ಲಿ, ಆಸ್ಪತ್ರೆಯ ಕ್ಯೂನಲ್ಲಿ ಪ್ರಾಯದವರ ಹತ್ತಿರ ಬೇಕೆಂದೇ ನಿಂತು ಉಸಿರು ಎಳೆದು ನೋಡಿದ್ದೇನೆ. ತಮ್ಮ ನಿದ್ದೆ ಹೋದಾಗ ಅವನ ಎದೆಯ ಹತ್ತಿರ ಬಗ್ಗಿದ್ದೇನೆ. ಬೆವರು, ಪೌಡರು, ಬೀಡಿ, ಅಷ್ಟೇ. ಮತ್ತೆ ಯಾವತ್ತೂ ಬರಲಿಲ್ಲ. ನನಗೆ ಅದು ಬಂದದ್ದು ಒಂದೇ ಸಲ, ಹೊರಗೆ ಜೀಪು ತಯಾರಾಗಿ ನಿಂತಿದ್ದಾಗ, ಅವರು ಬರುತ್ತೇನೆಂದು ಆಣೆ ಹಾಕಿ ಕುಳಿತಿದ್ದಾಗ. ನಾನು ಇಲ್ಲ ಎಂದೆ.